ಹೆಪಟೈಟಿಸ್ ಬಿ ಮುಚ್ಚಿಟ್ಟು ಮದುವೆಯಾದರೆ, ಸೋಂಕು ದಾಟಿದರೆ: ಕಾನೂನಿನಲ್ಲಿ ದಾರಿ ಏನಿದೆ?

ಆಪ್ತಸಲಹೆ_ಬಳ್ಳಾರಿ (ಪ್ರಶ್ನೆ)

ಸಲಹೆಗೆ ಬಂದವರೊಬ್ಬರ ಪರವಾಗಿ ಕೇಳುತ್ತಿದ್ದೇನೆ, ಗುರುತು ಸಿಗದಂತೆ ವಿವರ ಬದಲಿಸಿದೆ. ಹೆಣ್ಣುಮಗಳಿಗೆ 26 ವರ್ಷ, ಮದುವೆಯಾಗಿ 7 ತಿಂಗಳು, ಈಗ 3 ತಿಂಗಳ ಬಸುರಿ. ತಾಯಿ ಕಾರ್ಡ್ ಮಾಡಿಸುವಾಗಿನ ರಕ್ತ ಪರೀಕ್ಷೆಯಲ್ಲಿ ಎಚ್‌ಬಿಎಸ್‌ಎಜಿ (ಹೆಪಟೈಟಿಸ್ ಬಿ ಸೋಂಕು ಪತ್ತೆಯ ಪರೀಕ್ಷೆ) ರಿಯಾಕ್ಟಿವ್ ಬಂತು. ಆಮೇಲೆ ಗಂಡನ ಫೈಲಿನಲ್ಲಿ 2 ವರ್ಷ ಹಿಂದಿನ ಗಲ್ಫ್ ವೀಸಾ ಮೆಡಿಕಲ್ ಸಿಕ್ಕಿತು: ಎಚ್‌ಬಿಎಸ್‌ಎಜಿ ಪಾಸಿಟಿವ್, ಅನ್‌ಫಿಟ್. ಮದುವೆ ಮಾತುಕತೆಯಲ್ಲಿ ಯಾರೂ ಇದನ್ನು ಹೇಳಿರಲಿಲ್ಲ. ಕೇಳಿದರೆ ಗಂಡ "ಕಾಮಾಲೆ ಅಂದುಕೊಂಡಿದ್ದೆ, ನಾಟಿ ಔಷಧಿ ತಗೊಂಡು ವಾಸಿಯಾಗಿತ್ತು" ಎನ್ನುತ್ತಾರಂತೆ.

ತವರಿನವರು ಪೊಲೀಸ್ ಠಾಣೆಗೆ ಹೋಗುವ ಸಿಟ್ಟಿನಲ್ಲಿದ್ದಾರೆ. ಇದಕ್ಕೆ ಯಾವ ಕಲಂ ಬರುತ್ತದೆ? ಮದುವೆ ರದ್ದತಿಗೆ ಅವಕಾಶ ಇದೆಯಾ? ಸೋಂಕು ಗಂಡನಿಂದಲೇ ಬಂತು ಎಂದು ಸಾಬೀತು ಮಾಡುವುದು ಹೇಗೆ?

---

ಸಿಟ್ಟಿನಪುಟ್ಟ

ಗೊತ್ತಿದ್ದೂ ಮಾಡಿದ್ದು ಕೊಲೆಯತ್ನವೇ. ಮೊದಲು 307 ಹಾಕಿಸಿ, ಆಮೇಲೆ ಉಳಿದದ್ದು.

---

ಕಪ್ಪುಕೋಟು_ಧಾರವಾಡ

307 ಬೇಡ. 2024ರ ಜುಲೈ 1ರಿಂದ ಐಪಿಸಿಯೇ (ಹಳೆಯ ದಂಡ ಸಂಹಿತೆ) ಇಲ್ಲ, ಅದರ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) ಬಂದಿದೆ. ಕೊಲೆಯತ್ನ ಈಗ ಕಲಂ 109. ಅದಕ್ಕೆ ಕೊಲ್ಲುವ ಉದ್ದೇಶ ಬೇಕು, ಇಲ್ಲವೆ ಸಾವೇ ಸಂಭವಿಸುತ್ತದೆ ಎಂಬ ಮಟ್ಟದ ಅರಿವು ಬೇಕು. 2020ರಲ್ಲಿ ದೆಹಲಿ ಹೈಕೋರ್ಟಿನ ಮುಂದೆ ಎಚ್‌ಐವಿ ಇದ್ದ ವ್ಯಕ್ತಿಯ ಅತ್ಯಾಚಾರ ಪ್ರಕರಣ ಬಂತು. ಅತ್ಯಾಚಾರದ ಶಿಕ್ಷೆಯನ್ನು ಎತ್ತಿಹಿಡಿದ ಕೋರ್ಟು 307ರ ಶಿಕ್ಷೆಯನ್ನು ಮಾತ್ರ ತೆಗೆದುಹಾಕಿತು. ಎಚ್‌ಐವಿಯಲ್ಲೇ ನಿಲ್ಲದ ಕಲಂ, ದೊಡ್ಡವರಿಗೆ ತಗುಲಿದರೆ 100ರಲ್ಲಿ 95 ಜನರಲ್ಲಿ ತಾನಾಗಿ ಹೋಗುವ ಹೆಪಟೈಟಿಸ್ ಬಿಯಲ್ಲಿ ನಿಲ್ಲುವುದಿಲ್ಲ. ದೊಡ್ಡ ಕಲಂ ಹಾಕಿಸಿದರೆ ಬಿದ್ದುಹೋಗುವುದು ಬರೀ ಆ ಕಲಂ ಅಲ್ಲ, ದೂರಿನ ಮೇಲಿನ ನಂಬಿಕೆಯೂ ಜೊತೆಗೆ ಹೋಗುತ್ತದೆ.

ನೇರವಾಗಿ ಅನ್ವಯಿಸುವುದು ಬಿಎನ್‌ಎಸ್ 271 ಮತ್ತು 272, ಐಪಿಸಿಯ ಹಳೆಯ 269 ಮತ್ತು 270. ಜೀವಕ್ಕೆ ಅಪಾಯಕಾರಿಯಾದ ರೋಗದ ಸೋಂಕು ಹರಡುವ ಸಂಭವವಿದೆ ಎಂದು ಗೊತ್ತಿದ್ದು, ಇಲ್ಲವೆ ಹಾಗೆ ನಂಬಲು ಕಾರಣವಿದ್ದು, ನಿರ್ಲಕ್ಷ್ಯದಿಂದ ನಡೆದುಕೊಂಡರೆ 271: 6 ತಿಂಗಳವರೆಗೆ ಸೆರೆ, ದಂಡ ಅಥವಾ ಎರಡೂ. ಅದನ್ನೇ ಕೇಡು ಬಯಸಿ ಮಾಡಿದರೆ 272: 2 ವರ್ಷದವರೆಗೆ. ಎರಡರಲ್ಲೂ ಪೊಲೀಸರು ನೇರವಾಗಿ ಎಫ್‌ಐಆರ್ ಹಾಕಬಹುದು, ಎರಡಕ್ಕೂ ಠಾಣೆಯಲ್ಲೇ ಜಾಮೀನು ಸಿಗುತ್ತದೆ. ಅಂದರೆ ತವರಿನವರು ಎಣಿಸಿದಂತೆ ಅಳಿಯನನ್ನು ಒಳಗೆ ಕೂರಿಸುವ ಕೇಸು ಇದಲ್ಲ. ಇದನ್ನು ಮೊದಲೇ ಅವರಿಗೆ ತಿಳಿಸಿಬಿಡಿ.

ಇದರ ಜೊತೆ ನಿಲ್ಲಬಹುದಾದದ್ದು ವಂಚನೆ, ಕಲಂ 318. ಕೆಟ್ಟ ಉದ್ದೇಶದಿಂದ ಸಂಗತಿ ಮುಚ್ಚಿಡುವುದೂ ವಂಚನೆಯೇ ಎಂದು ಆ ಕಲಮಿನ ವಿವರಣೆಯೇ ಹೇಳುತ್ತದೆ. ದೇಹಕ್ಕೆ ಆಗುವ ಹಾನಿಯೂ ಅದರೊಳಗೆ ಬರುತ್ತದೆ. ಇದು ಹೊಸ ವಾದವೇನಲ್ಲ. 1886ರಲ್ಲಿ ಬಾಂಬೆ ಹೈಕೋರ್ಟು ಕ್ವೀನ್ ಎಂಪ್ರೆಸ್ ವಿರುದ್ಧ ರಖ್ಮಾ ಪ್ರಕರಣದಲ್ಲಿ, ಸಿಫಿಲಿಸ್ ಇದ್ದ ಹೆಂಗಸಿನಿಂದ ಗಿರಾಕಿಗೆ ರೋಗ ಬಂದದ್ದು 269ಕ್ಕೆ ಬರುವುದಿಲ್ಲ, ರೋಗವಿಲ್ಲ ಎಂದು ನಂಬಿಸಿದ್ದರೆ ಅದು ವಂಚನೆ ಎಂದಿತು. 1998ರಲ್ಲಿ ಸುಪ್ರೀಂ ಕೋರ್ಟು 'ಮಿಸ್ಟರ್ ಎಕ್ಸ್ ವಿರುದ್ಧ ಹಾಸ್ಪಿಟಲ್ ಝಡ್' ತೀರ್ಪಿನಲ್ಲಿ, ಎಚ್‌ಐವಿ ಗೊತ್ತಿದ್ದೂ ಮದುವೆಯಾಗಿ ಸೋಂಕು ದಾಟಿಸುವುದು 269, 270ರ ವ್ಯಾಪ್ತಿಗೆ ಬರುತ್ತದೆ ಎಂಬ ನಿಲುವು ತಳೆಯಿತು. ಎದುರು ವಕೀಲರು ರಖ್ಮಾ ಓದುತ್ತಾರೆ, ನಿಮ್ಮವರು ಎಕ್ಸ್ ಓದಬೇಕು.

ಗಾಯದ ಕಲಮುಗಳನ್ನೂ ನೋಡಿ. ನೋವು ಎಂದರೆ ಪೆಟ್ಟು ಮಾತ್ರವಲ್ಲ, ರೋಗ ತರುವುದೂ ನೋವೇ ಎಂದು ಕಲಂ 114ರ ವ್ಯಾಖ್ಯೆಯಲ್ಲಿದೆ. ಆದರೆ 115ಕ್ಕೆ ನೋವು ಮಾಡುವ ಉದ್ದೇಶ ಅಥವಾ ಅರಿವು ತೋರಿಸಬೇಕು, ಅಲ್ಲಿ ಕಾಲು ಜಾರುತ್ತದೆ. ದುಡುಕಿನಿಂದ ಇನ್ನೊಬ್ಬರ ಜೀವಕ್ಕೆ ಅಪಾಯ ತಂದ ಕಲಂ 125ನ್ನು 271ರ ಜೊತೆ ಬರೆಸಬಹುದು.

ಠಾಣೆಯಲ್ಲಿ ಒಂದು ಮಾತು ಕೇಳಿಬರುತ್ತದೆ: "318 ನಾನ್‌ಕಾಗ್ನಿಜಬಲ್, ಕೋರ್ಟಿಗೆ ಹೋಗಿ." ಅಂದರೆ ಕೋರ್ಟಿನ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡಲಾಗದ ಅಪರಾಧ ಎಂದು. ಬಿಎನ್‌ಎಸ್‌ಎಸ್ (ಹಳೆಯ ಸಿಆರ್‌ಪಿಸಿಯ ಜಾಗದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಲಂ 174ರ ಪ್ರಕಾರ ಒಂದೇ ಪ್ರಕರಣದಲ್ಲಿ ಒಂದು ಅಪರಾಧ ಕಾಗ್ನಿಜಬಲ್ ಆಗಿದ್ದರೂ ಇಡೀ ಪ್ರಕರಣ ಕಾಗ್ನಿಜಬಲ್ ಆಗುತ್ತದೆ. ಆದ್ದರಿಂದ ದೂರಿನಲ್ಲಿ 271 ಇರಲೇಬೇಕು. ಆದರೂ ತೆಗೆದುಕೊಳ್ಳದಿದ್ದರೆ ಕಲಂ 173(4)ರಡಿ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಆಮೇಲೆ ಮ್ಯಾಜಿಸ್ಟ್ರೇಟರ ಮುಂದೆ ಪಿಸಿಆರ್, ಅಂದರೆ ಖಾಸಗಿ ದೂರು. ಎಸ್‌ಪಿಗೆ ಬರೆದ ಹೆಜ್ಜೆ ತಪ್ಪಿಸಿ ನೇರ ಹೋದ ಅರ್ಜಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.

ಕಾಲಮಿತಿ ಮರೆಯಬೇಡಿ. ಬಿಎನ್‌ಎಸ್‌ಎಸ್ 514ರ ಪ್ರಕಾರ 1 ವರ್ಷದವರೆಗಿನ ಶಿಕ್ಷೆಯ ಅಪರಾಧಕ್ಕೆ 1 ವರ್ಷ, ಅದಕ್ಕಿಂತ ಹೆಚ್ಚು 3 ವರ್ಷದವರೆಗಿನದಕ್ಕೆ 3 ವರ್ಷ. ಅಪರಾಧ ನಡೆದದ್ದೇ ತಿಳಿದಿರದಿದ್ದರೆ ತಿಳಿದ ದಿನದಿಂದ ಎಣಿಕೆ. ಹಾಗಾಗಿ ಆ ಮೆಡಿಕಲ್ ಕಾಗದ ಕಣ್ಣಿಗೆ ಬಿದ್ದ ತಾರೀಕು ಬರೆದಿಡಿ.

---

ರಕ್ತಪರೀಕ್ಷೆ_ಮಂಗಳೂರು

ಕಾನೂನಿನ ಮಾತು ಬಲ್ಲವರು ಹೇಳಿದ್ದಾರೆ. ಆದರೆ ಈ ಪ್ರಕರಣ ನಿಲ್ಲುವುದೂ ಬೀಳುವುದೂ ಲ್ಯಾಬ್ ಕಾಗದದ ಮೇಲೆ, ಅದರಲ್ಲೂ ಇನ್ನೂ ಮಾಡಿಸದ ಒಂದು ಪರೀಕ್ಷೆಯ ಮೇಲೆ. ದಯವಿಟ್ಟು ಈ ವಾರವೇ ಮಾಡಿಸಿ.

ಎಚ್‌ಬಿಎಸ್‌ಎಜಿ ರಿಯಾಕ್ಟಿವ್ ಎಂದರೆ ವೈರಸ್ ಈಗ ಮೈಯಲ್ಲಿದೆ ಎಂದಷ್ಟೇ ಅರ್ಥ. ಯಾವಾಗ ಬಂತು ಎನ್ನುವುದನ್ನು ಅದು ಹೇಳುವುದಿಲ್ಲ. ಅದನ್ನು ಹೇಳುವುದು ಆಂಟಿ-ಎಚ್‌ಬಿಸಿ ಐಜಿಎಂ ಎಂಬ ಪ್ರತಿಕಾಯದ ಪರೀಕ್ಷೆ. ಹೊಸ ಸೋಂಕಿನಲ್ಲಿ ಇದು ಪಾಸಿಟಿವ್ ಬಂದು ಸುಮಾರು 6 ತಿಂಗಳಲ್ಲಿ ಮರೆಯಾಗುತ್ತದೆ. ಮದುವೆಯಾಗಿ ಆಗಲೇ 7 ತಿಂಗಳು. ತಡಮಾಡಿದಷ್ಟೂ ಈ ಸಾಕ್ಷಿ ತಾನಾಗಿ ಅಳಿಸಿಹೋಗುತ್ತದೆ, ಆಮೇಲೆ ಯಾವ ಕೋರ್ಟಿನ ಆದೇಶವೂ ಅದನ್ನು ಮರಳಿ ತರಲಾರದು. ಒಂದೇ ರಕ್ತದಲ್ಲಿ ಆಂಟಿ-ಎಚ್‌ಬಿಸಿ ಟೋಟಲ್ (ಹಳೆಯ, ಹೊಸ ಸೋಂಕು ಎರಡರಲ್ಲೂ ಕಾಣುವ ಪ್ರತಿಕಾಯ), ಎಚ್‌ಬಿಇಎಜಿ (ವೈರಸ್ ಚುರುಕಾಗಿದೆಯೇ ಎಂಬುದರ ಗುರುತು), ಎಎಲ್‌ಟಿ (ಲಿವರ್ ಕಿಣ್ವ), ಎಚ್‌ಬಿವಿ ಡಿಎನ್‌ಎ (ರಕ್ತದಲ್ಲಿನ ವೈರಸ್) ಪ್ರಮಾಣ ಇವನ್ನೂ ಮಾಡಿಸಿ.

ಈಗ ಕಹಿ ಮಾತು. ಐಜಿಎಂ ಪಾಸಿಟಿವ್, ಎಎಲ್‌ಟಿ ಏರಿದೆ ಎಂದಾದರೆ ಹೊಸ ಸೋಂಕಿನ ವಾದಕ್ಕೆ ಬಲ ಬರುತ್ತದೆ. ಐಜಿಎಂ ನೆಗೆಟಿವ್, ಟೋಟಲ್ ಪಾಸಿಟಿವ್, ಎಎಲ್‌ಟಿ ಮಾಮೂಲು ಎಂದು ಬಂದರೆ ಸೋಂಕು ಹಳೆಯದಿರಬಹುದು, ಹುಟ್ಟಿನಿಂದಲೇ ಇದ್ದಿರಲೂಬಹುದು. ದೊಡ್ಡವರಿಗೆ ತಗುಲಿದರೆ 100ಕ್ಕೆ 5ಕ್ಕಿಂತ ಕಡಿಮೆ ಜನರಲ್ಲಿ ಉಳಿದುಕೊಳ್ಳುತ್ತದೆ. ಹೆರಿಗೆಯಲ್ಲಿ ತಾಯಿಯಿಂದ ಬಂದರೆ 90ರಷ್ಟು ಮಕ್ಕಳಲ್ಲಿ ಉಳಿಯುತ್ತದೆ. ನಮ್ಮ ದೇಶದಲ್ಲಿ ಮಕ್ಕಳ ಲಸಿಕೆ ಪಟ್ಟಿಗೆ ಇದು ಪ್ರಾಯೋಗಿಕವಾಗಿ ಸೇರಿದ್ದೇ 2002ರ ಸುಮಾರಿಗೆ. 26 ವರ್ಷದವರಿಗೆ ಹುಟ್ಟಿದಾಗ ಲಸಿಕೆ ಬಿದ್ದಿರುವ ಸಂಭವ ಕಡಿಮೆ. ಆದ್ದರಿಂದ ಅವರ ತಾಯಿ, ಅಣ್ಣ-ತಂಗಿಯರದ್ದೂ ಪರೀಕ್ಷೆ ಮಾಡಿಸಿ. ತವರಿನಲ್ಲೇ ಇನ್ನಿಬ್ಬರಿಗೆ ಪಾಸಿಟಿವ್ ಬಂದರೆ ಗಂಡನ ಮೇಲಿನ ಸೋಂಕಿನ ಆರೋಪ ಅಲ್ಲಿಗೇ ಸೊರಗುತ್ತದೆ. ಠಾಣೆಗೆ ಹೋದ ಮೇಲೆ ಇದು ಎದುರು ಪಕ್ಷದಿಂದ ತಿಳಿಯುವುದಕ್ಕಿಂತ ಈಗಲೇ ನಿಮಗೆ ತಿಳಿದಿರುವುದು ಮೇಲು. ಹಳೆಯ ಸೋಂಕು ಕೆರಳಿದಾಗಲೂ ಐಜಿಎಂ ಸ್ವಲ್ಪ ಕಾಣಿಸಿಕೊಳ್ಳಬಹುದು, ಆದ್ದರಿಂದ ಪಾಸಿಟಿವ್ ಬಂದರೂ ಅಂಕಿಯ ಸಮೇತ ವರದಿ ಕೇಳಿ ಪಡೆಯಿರಿ.

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಮದುವೆಗೆ ಮುಂಚಿನ ನೆಗೆಟಿವ್ ವರದಿ. ರಕ್ತದಾನ ಮಾಡಿದ್ದರೆ ರಕ್ತನಿಧಿಯಲ್ಲಿ ದಾಖಲೆ ಇರುತ್ತದೆ, ಪ್ರತಿ ಬಾಟಲಿಗೂ ಎಚ್‌ಬಿಎಸ್‌ಎಜಿ ಪರೀಕ್ಷೆ ಕಡ್ಡಾಯ. ಅಪೆಂಡಿಕ್ಸ್ ಆಪರೇಷನ್, ನರ್ಸಿಂಗ್ ಕಾಲೇಜಿನ ಪ್ರವೇಶ, ಕೆಲಸಕ್ಕೆ ಸೇರುವಾಗಿನ ತಪಾಸಣೆ, ಎಲ್ಲವನ್ನೂ ಜಾಲಾಡಿ. ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಿಸಲು 30ರಿಂದ 180 ದಿನ ಬೇಕು, ಎಚ್‌ಬಿಎಸ್‌ಎಜಿ 1ರಿಂದ 10 ವಾರದೊಳಗೆ ಸಿಗುತ್ತದೆ. ಈ ಲೆಕ್ಕಕ್ಕೆ ಹೊಂದದ ದೂರು ವೈದ್ಯರ ಪಾಟೀ ಸವಾಲಿನಲ್ಲೇ ಮುರಿಯುತ್ತದೆ. ಮದುವೆಯಾದ ಹತ್ತೇ ದಿನಕ್ಕೆ ಕಣ್ಣು ಹಳದಿಯಾಯಿತು ಎಂದು ಬರೆಸಿದರೆ ಸೋಂಕು ಮದುವೆಗಿಂತ ಹಿಂದಿನದು ಎಂದು ನೀವೇ ಒಪ್ಪಿಕೊಂಡಂತೆ.

ಇಬ್ಬರ ವೈರಸ್ಸಿನ ಜೀನೋಟೈಪ್ (ತಳಿಯ ಬಗೆ) ಹೋಲಿಸಿ ಸಾಬೀತು ಮಾಡಬಹುದು ಎಂದು ಕೆಲವರು ಹೇಳುತ್ತಾರೆ. ನಮ್ಮ ದೇಶದಲ್ಲಿ ಹೆಚ್ಚಿನವರಲ್ಲಿ ಇರುವುದೇ ಡಿ ಮತ್ತು ಎ. ಒಂದೇ ಬಗೆ ಬಂದ ಮಾತ್ರಕ್ಕೆ ಏನೂ ಸಾಬೀತಾಗುವುದಿಲ್ಲ. ಬೇರೆ ಬೇರೆ ಬಂದರೆ ಮಾತ್ರ ಗಂಡನಿಗೆ ಅನುಕೂಲ. ಪೂರ್ತಿ ಅನುಕ್ರಮ ಹೋಲಿಸಿದರೂ ಯಾರಿಂದ ಯಾರಿಗೆ ಎಂಬ ದಿಕ್ಕು ಅದರಲ್ಲಿ ಸಿಗದು.

---

ಆಪ್ತಸಲಹೆ_ಬಳ್ಳಾರಿ

ತುಂಬಾ ಉಪಕಾರ. ಐಜಿಎಂಗೆ ನಾಳೆಯೇ ಕಳಿಸುತ್ತೇನೆ. ತವರಿನವರಿಗೂ ಪರೀಕ್ಷೆ ಎನ್ನುವುದು ಹೊಳೆದಿರಲಿಲ್ಲ. ಮದುವೆ ರದ್ದತಿ ಮತ್ತು ಗಂಡನ ಆಸ್ಪತ್ರೆ ದಾಖಲೆ ಬಗ್ಗೆ ಯಾರಾದರೂ ಬರೆಯುತ್ತೀರಾ? ಇದು ಗುಹ್ಯರೋಗವೇ ಅಲ್ಲವೇ, ಅದರ ಮೇಲೆ ವಿಚ್ಛೇದನ ಸಿಗುತ್ತದೆ ಎಂದು ಅವರ ಸೋದರಮಾವ ಹೇಳಿದರಂತೆ.

---

ಕೌಟುಂಬಿಕ_ವಕೀಲೆ

ಹಿಂದೂ ವಿವಾಹ ಕಾಯ್ದೆ 1955ರ ಕಲಂ 13(1)(v)ರಲ್ಲಿ ಹರಡುವ ಸ್ಥಿತಿಯ ಗುಹ್ಯರೋಗ ವಿಚ್ಛೇದನಕ್ಕೆ ಕಾರಣ ಎಂದಿದೆ, ನಿಜ. ಆದರೆ ಯಾವ ರೋಗ ಗುಹ್ಯರೋಗ ಎಂದು ಕಾಯ್ದೆ ಎಲ್ಲಿಯೂ ಬರೆದಿಲ್ಲ. ಹೆಪಟೈಟಿಸ್ ಬಿ ರಕ್ತದಿಂದಲೂ ಹೆರಿಗೆಯಿಂದಲೂ ಬರುತ್ತದೆ, ಬರೀ ಸಂಗದಿಂದ ಬರುವ ರೋಗವಲ್ಲ ಎಂದು ಎದುರಿನವರು ವೈದ್ಯರನ್ನು ಕರೆಸಿ ಹೇಳಿಸುತ್ತಾರೆ. ಅದೊಂದನ್ನೇ ನೆಚ್ಚಿ ಅರ್ಜಿ ಹಾಕಬೇಡಿ. ಇನ್ನೊಂದು, ಆ ಕಾರಣವನ್ನು ಗಂಡನೂ ತಿರುಗಿಸಿ ಇವರ ಮೇಲೆ ಹಾಕಬಹುದು. ಈಗ ಪಾಸಿಟಿವ್ ಇಬ್ಬರೂ.

ಈ ಪ್ರಕರಣಕ್ಕೆ ಸರಿಯಾದ ಬಾಗಿಲು ಕಲಂ 12(1)(ಸಿ). ಪ್ರತಿವಾದಿಗೆ ಸಂಬಂಧಿಸಿದ ಮಹತ್ವದ ಸಂಗತಿಯನ್ನು ಮೋಸದಿಂದ ಮರೆಮಾಚಿ ಒಪ್ಪಿಗೆ ಪಡೆದಿದ್ದರೆ ಮದುವೆಯನ್ನು ಅನೂರ್ಜಿತಗೊಳಿಸಬಹುದು. 1976ರ ತಿದ್ದುಪಡಿಯಲ್ಲಿ ಸೇರಿದ ಮಾತು ಇದು. ಇಲ್ಲಿ ಸೋಂಕು ಯಾರಿಂದ ಯಾರಿಗೆ ಹೋಯಿತು ಎಂದು ಸಾಬೀತು ಮಾಡುವ ಗೊಡವೆಯೇ ಇಲ್ಲ. ಅವನಿಗೆ ಗೊತ್ತಿತ್ತು, ಹೇಳಲಿಲ್ಲ, ಹೇಳಿದ್ದರೆ ಇವಳು ಒಪ್ಪುತ್ತಿರಲಿಲ್ಲ, ಈ ಮೂರು ಸಾಕು. ಆ ವೀಸಾ ಮೆಡಿಕಲ್ ಕಾಗದದ ಬೆಲೆ ಕ್ರಿಮಿನಲ್ ಕೇಸಿಗಿಂತ ಇಲ್ಲಿ ಹೆಚ್ಚು. ಅನ್‌ಫಿಟ್ ಎಂದು ಕೆಲಸವೇ ತಪ್ಪಿಹೋದ ಮೇಲೆ ಕಾಮಾಲೆ ಅಂದುಕೊಂಡೆ ಎನ್ನುವ ಮಾತನ್ನು ನ್ಯಾಯಾಧೀಶರು ನಂಬುವುದು ಕಷ್ಟ.

ಎಚ್ಚರ ತಪ್ಪುವುದು ಮುಂದಿನ ಹೆಜ್ಜೆಯಲ್ಲಿ. ಮೋಸ ಗೊತ್ತಾದ ದಿನದಿಂದ 1 ವರ್ಷದೊಳಗೆ ಅರ್ಜಿ ಬೀಳಬೇಕು. ಗೊತ್ತಾದ ಮೇಲೆ ಮನಃಪೂರ್ವಕವಾಗಿ ಗಂಡ-ಹೆಂಡತಿಯಾಗಿ ಬಾಳಿರಬಾರದು. ಹಿರಿಯರ ಪಂಚಾಯಿತಿ, ಸೀಮಂತ ಮುಗಿಯಲಿ, ಹೆರಿಗೆ ಆಗಲಿ ಎಂದು ಅದೇ ಮನೆಯಲ್ಲಿ ಉಳಿದರೆ ಆಮೇಲೆ ಈ ಬಾಗಿಲು ಮುಚ್ಚಿಕೊಳ್ಳುತ್ತದೆ. ತವರಿಗೆ ಬರುವುದಾದರೆ ಏಕೆ ಬಂದೆ ಎಂದು ಒಂದು ವಾಟ್ಸಾಪ್ ಸಂದೇಶವಾದರೂ ಗಂಡನಿಗೆ ಹೋಗಿರಲಿ. ಹುಟ್ಟುವ ಮಗುವಿನ ಚಿಂತೆ ಬೇಡ. ಮದುವೆ ಅನೂರ್ಜಿತವಾದರೂ ಕಲಂ 16ರ ಪ್ರಕಾರ ಮಗು ಔರಸವೇ, ಜೀವನಾಂಶದ ಹಕ್ಕೂ ಇದೆ.

ಅವಧಿ ಮೀರಿದ್ದರೆ ಕ್ರೌರ್ಯದ ಮೇಲೆ, 13(1)(iಎ) ಅಡಿಯಲ್ಲಿ ವಿಚ್ಛೇದನ. ವಿಶೇಷ ವಿವಾಹ ಕಾಯ್ದೆಯಡಿ ರಿಜಿಸ್ಟರ್ ಆದವರಿಗೆ ಅನೂರ್ಜಿತಕ್ಕೆ ಕಲಂ 25, ಅಲ್ಲೂ 1 ವರ್ಷದ ಮಿತಿ.

ಆಸ್ಪತ್ರೆ ದಾಖಲೆ. ಗಂಡನ ವೈದ್ಯರ ಬಳಿ ಹೋಗಿ ಕೇಳಿದರೆ ಕೊಡುವುದಿಲ್ಲ, ಕೊಡಕೂಡದು. ರೋಗಿಯ ಗುಟ್ಟು ಕಾಯಬೇಕೆಂದು 2002ರ ವೈದ್ಯಕೀಯ ನೀತಿ ನಿಯಮಾವಳಿ ಹೇಳುತ್ತದೆ. ಕೋರ್ಟಿನ ಆದೇಶವಿದ್ದರೆ ಮಾತ್ರ ತರಿಸಬಹುದು. ಕೌಟುಂಬಿಕ ನ್ಯಾಯಾಲಯದಲ್ಲಿ ದಾಖಲೆ ತರಿಸಲು ಅರ್ಜಿ ಹಾಕಿ. ರಕ್ತ ಪರೀಕ್ಷೆಗೂ ಅರ್ಜಿ ಹಾಕಬಹುದು. ಶಾರದಾ ವಿರುದ್ಧ ಧರ್ಮಪಾಲ್ ತೀರ್ಪಿನಲ್ಲಿ, 2003, ವೈವಾಹಿಕ ನ್ಯಾಯಾಲಯ ವೈದ್ಯಕೀಯ ಪರೀಕ್ಷೆಗೆ ಆದೇಶಿಸಬಹುದು, ಒಪ್ಪದಿದ್ದರೆ ಅವರ ವಿರುದ್ಧ ಊಹಿಸಿಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಈಗಾಗಲೇ ಕೈಯಲ್ಲಿರುವ ಮೆಡಿಕಲ್ ಕಾಗದದ ಫೋಟೋ ತೆಗೆದ ಮೊಬೈಲನ್ನು ಮಾರಬೇಡಿ, ರಿಸೆಟ್ ಮಾಡಬೇಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಇಲ್ಲದೆ ಅದರ ಪ್ರಿಂಟನ್ನು ಪಕ್ಕಕ್ಕಿಡುತ್ತಾರೆ.

ಆ ಕಾಗದವನ್ನು ನೆಂಟರ ವಾಟ್ಸಾಪ್ ಗುಂಪಿಗೆ ಹಾಕಲು ಬಿಡಬೇಡಿ, ಇದನ್ನು ಒತ್ತಿ ಹೇಳುತ್ತೇನೆ. ಬಿಎನ್‌ಎಸ್ 356ರ ಮಾನನಷ್ಟ ಬರುತ್ತದೆ. ಸತ್ಯ ಎಂದಷ್ಟೇ ಹೇಳಿದರೆ ಸಾಲದು, ಸಾರ್ವಜನಿಕ ಹಿತಕ್ಕಾಗಿ ಎಂದೂ ತೋರಿಸಬೇಕಾಗುತ್ತದೆ. ಮೋಸ ಹೋದ ಹುಡುಗಿಯ ಮನೆಯವರೇ ಆರೋಪಿಗಳಾಗುವುದು ಹೀಗೆ. ಅದೂ ಅಲ್ಲದೆ ಅವಳ ಗುಟ್ಟೂ ಅದೇ ಕಾಗದದ ಜೊತೆ ಬಯಲಾಗುತ್ತದೆ. ಕೋರ್ಟಿನಲ್ಲಿ ಹಿಂದೂ ವಿವಾಹ ಕಾಯ್ದೆಯ ಕಲಂ 22ರ ಪ್ರಕಾರ ವಿಚಾರಣೆ ಬಾಗಿಲು ಹಾಕಿಕೊಂಡೇ ನಡೆಯುತ್ತದೆ.

ದುಡ್ಡಿನ ಪರಿಹಾರ ಬೇಕೆಂದರೆ ಸಿವಿಲ್ ದಾವೆಗಿಂತ ಕೌಟುಂಬಿಕ ಹಿಂಸೆ ಕಾಯ್ದೆ 2005 ಹತ್ತಿರದ ದಾರಿ. ಹೆಂಡತಿಯ ಆರೋಗ್ಯಕ್ಕೆ ಅಪಾಯ ತರುವುದೂ ಹಿಂಸೆ ಎಂದು ಕಲಂ 3ರಲ್ಲೇ ಇದೆ. ಕಲಂ 20ರಡಿ ಚಿಕಿತ್ಸೆಯ ಖರ್ಚು, 22ರಡಿ ಮಾನಸಿಕ ಯಾತನೆಗೆ ಪರಿಹಾರ. ಸಿವಿಲ್ ದಾವೆಯಲ್ಲಿ ಕೇಳಿದ ಮೊತ್ತಕ್ಕೆ ತಕ್ಕ ಕೋರ್ಟ್ ಫೀ ಕಟ್ಟಬೇಕು, ಇಲ್ಲಿ ಅದಿಲ್ಲ. ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ರಕ್ಷಣಾಧಿಕಾರಿಯನ್ನು ಕಂಡು ಕೌಟುಂಬಿಕ ಘಟನಾ ವರದಿ ಬರೆಸಿದರೆ ಅರ್ಜಿ ಮ್ಯಾಜಿಸ್ಟ್ರೇಟರಿಗೆ ಹೋಗುತ್ತದೆ.

---

ಹೆಸರುಬೇಡ_1

ಎದುರು ಬದಿಯಿಂದ ಒಂದು ಪ್ರಶ್ನೆ. ಹೆಪಟೈಟಿಸ್ ಬಿ ಇರುವವರು ಮದುವೆಯೇ ಆಗಬಾರದಾ? ಏನು ಮಾಡಿದರೆ ಕಾನೂನಿನ ಕಣ್ಣಿನಲ್ಲಿ ತಪ್ಪಾಗುವುದಿಲ್ಲ?

---

ರಕ್ತಪರೀಕ್ಷೆ_ಮಂಗಳೂರು

ಧಾರಾಳವಾಗಿ ಆಗಬಹುದು. ಎಚ್‌ಐವಿಗೆ ಇಲ್ಲದ ಅನುಕೂಲ ಇಲ್ಲಿದೆ: ಲಸಿಕೆ. ಮೊದಲು ಸಂಗಾತಿಗೆ ಹೇಳಿ. ಬಾಯಲ್ಲಿ ಹೇಳಿದ ಮೇಲೆ ಸಂದೇಶದಲ್ಲೂ ಬರೆಯಿರಿ, ಮುಂದೆ "ಹೇಳಲೇ ಇಲ್ಲ" ಎಂಬ ಮಾತು ಬರುವುದಿಲ್ಲ. ಅವರಿಗೆ ಎಚ್‌ಬಿಎಸ್‌ಎಜಿ ಮತ್ತು ಆಂಟಿ-ಎಚ್‌ಬಿಎಸ್ (ರಕ್ಷಣೆ ಕೊಡುವ ಪ್ರತಿಕಾಯದ ಪರೀಕ್ಷೆ) ಎರಡನ್ನೂ ಮಾಡಿಸಿ, ವರದಿ ಇಬ್ಬರ ಬಳಿಯೂ ಇರಲಿ. ನೆಗೆಟಿವ್ ಇದ್ದರೆ ಲಸಿಕೆ 0, 1, 6 ತಿಂಗಳಿಗೆ, ದೊಡ್ಡವರಿಗೆ 1 ಮಿಲಿ, ತೋಳಿಗೆ. ಪೃಷ್ಠಕ್ಕೆ ಚುಚ್ಚಿದರೆ ಸರಿಯಾಗಿ ಹಿಡಿಯುವುದಿಲ್ಲ. ಮೂರನೆಯ ಡೋಸಾದ 1-2 ತಿಂಗಳಿಗೆ ಆಂಟಿ-ಎಚ್‌ಬಿಎಸ್ 10ಕ್ಕಿಂತ ಮೇಲೆ ಬಂದಿದೆಯೇ ನೋಡಿ. ಅಲ್ಲಿಯವರೆಗೆ ಕಾಂಡೋಮ್. ಹೆಚ್ಚಿನವರು ಬಿಟ್ಟುಬಿಡುವುದು ಈ ಕೊನೆಯ ಪರೀಕ್ಷೆಯನ್ನೇ. ಲಸಿಕೆ ಹಿಡಿಯದವರು ಕೆಲವರು ಇದ್ದೇ ಇರುತ್ತಾರೆ, ಅದು ಗೊತ್ತಾಗುವುದು ಈ ಅಂಕಿಯಿಂದ ಮಾತ್ರ. ತಟ್ಟೆ, ಲೋಟ, ಅಪ್ಪುಗೆ ಯಾವುದೂ ದೋಷವಿಲ್ಲ. ರೇಜರ್, ಹಲ್ಲುಜ್ಜುವ ಬ್ರಷ್, ಉಗುರು ಕತ್ತರಿ ಬೇರೆ ಇರಲಿ, ಒಣಗಿದ ರಕ್ತದಲ್ಲೂ ವೈರಸ್ 7 ದಿನ ಬದುಕುತ್ತದೆ. ಟೆನೋಫೋವಿರ್ (ವೈರಸ್ ಹತ್ತಿಕ್ಕುವ ಮಾತ್ರೆ) ನಡೆಯುತ್ತಿದ್ದರೆ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ, ಲಿವರ್ ಕೆರಳುತ್ತದೆ.

ಲಸಿಕೆ ಇಲ್ಲದ ಸಂಗಾತಿಯೊಡನೆ ಕಾಂಡೋಮ್ ಹರಿದರೆ 14 ದಿನದೊಳಗೆ, ಆದರೆ ಮೊದಲ 24 ಗಂಟೆಯಲ್ಲೇ ಆದರೆ ಬಹಳ ಒಳ್ಳೆಯದು, ಇಮ್ಯುನೊಗ್ಲಾಬುಲಿನ್ (ಸಿದ್ಧ ಪ್ರತಿಕಾಯದ ಚುಚ್ಚುಮದ್ದು) ಕೆಜಿಗೆ 0.06 ಮಿಲಿ ಮತ್ತು ಲಸಿಕೆಯ ಮೊದಲ ಡೋಸ್. 60 ಕೆಜಿ ಇದ್ದರೆ 3.6 ಮಿಲಿ.

---

ಕಪ್ಪುಕೋಟು_ಧಾರವಾಡ

ಅದಕ್ಕೆ ಕಾನೂನಿನ ಕಡೆಯಿಂದ ಒಂದು ಸಾಲು ಸೇರಿಸುತ್ತೇನೆ. ಎಚ್‌ಐವಿ ಕಾಯ್ದೆ 2017ರಲ್ಲಿ ಸೋಂಕಿತರು ಮುನ್ನೆಚ್ಚರಿಕೆ ವಹಿಸಬೇಕೆಂಬ ಕಲಂ ಇದೆ, ಆದರೆ ಆ ಕಾಯ್ದೆ ಹೆಪಟೈಟಿಸ್‌ಗೆ ಅನ್ವಯಿಸುವುದಿಲ್ಲ. ಇಲ್ಲಿ ಅಳೆಯುವುದು 271ರ ನಿರ್ಲಕ್ಷ್ಯದಿಂದ. ಹೇಳಿದ್ದಾರೆ, ಲಸಿಕೆ ಹಾಕಿಸಿದ್ದಾರೆ, ಅಂಕಿ ನೋಡಿದ್ದಾರೆ ಎಂದಾದರೆ ನಿರ್ಲಕ್ಷ್ಯವೂ ಇಲ್ಲ, ವಂಚನೆಯೂ ಇಲ್ಲ. ತನಗೆ ಸೋಂಕು ಇದೆಯೆಂದೇ ಗೊತ್ತಿರದವರ ಮೇಲೆ ಈ ಕಲಂ ನಿಲ್ಲುವುದಿಲ್ಲ.

---

ಆಪ್ತಸಲಹೆ_ಬಳ್ಳಾರಿ

ವಕೀಲರ ಫೀಜು ಕೊಡುವ ಶಕ್ತಿ ಅವರಿಗಿಲ್ಲ. ಮಗುವಿಗೆ ಏನು ಮಾಡಬೇಕು ಎಂದೂ ಹೇಳಿಬಿಡಿ, ಅವರಿಗೆ ಈಗ ಅದೇ ಭಯ.

---

ಕೌಟುಂಬಿಕ_ವಕೀಲೆ

ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ, ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1987ರ ಕಲಂ 12. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಕಚೇರಿ ಇರುತ್ತದೆ, ಇಲ್ಲವೇ 15100ಕ್ಕೆ ಕರೆ ಮಾಡಿ. ಹೋಗುವಾಗ ಆಧಾರ್, ಮದುವೆಯ ಕರೆಯೋಲೆ ಅಥವಾ ಫೋಟೋ, ತಾಯಿ ಕಾರ್ಡ್, ಎಲ್ಲಾ ಲ್ಯಾಬ್ ವರದಿಗಳ ಎರಡೆರಡು ಜೆರಾಕ್ಸ್.

---

ರಕ್ತಪರೀಕ್ಷೆ_ಮಂಗಳೂರು

ಭಯ ಬೇಡ ಎಂದು ಹೇಳಿ, ಇದನ್ನು ತಡೆಯಬಹುದು. ತಾಯಿ ಕಾರ್ಡಿನ ಮೇಲೆ ಎಚ್‌ಬಿಎಸ್‌ಎಜಿ ಪಾಸಿಟಿವ್ ಎಂದು ಎದ್ದು ಕಾಣುವಂತೆ ಬರೆಸಿ. ವೈರಸ್ ಪ್ರಮಾಣ ಹೆಚ್ಚಿದ್ದರೆ ಕೊನೆಯ ತಿಂಗಳುಗಳಲ್ಲಿ ತಾಯಿಗೆ ಟೆನೋಫೋವಿರ್ ಕೊಡುತ್ತಾರೆ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ, ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಮಗು ಹುಟ್ಟಿದ 12 ಗಂಟೆಯೊಳಗೆ ಒಂದು ತೊಡೆಗೆ ಲಸಿಕೆ 0.5 ಮಿಲಿ, ಇನ್ನೊಂದು ತೊಡೆಗೆ ಇಮ್ಯುನೊಗ್ಲಾಬುಲಿನ್. ಇಮ್ಯುನೊಗ್ಲಾಬುಲಿನ್ ಎಲ್ಲಾ ಹೆರಿಗೆ ಆಸ್ಪತ್ರೆಗಳ ಫ್ರಿಜ್ಜಿನಲ್ಲಿ ಇರುವುದಿಲ್ಲ, ಭಾನುವಾರ ರಾತ್ರಿ ಹೆರಿಗೆಯಾದರೆ ಹುಡುಕಿಕೊಂಡು ಅಲೆಯಬೇಕಾಗುತ್ತದೆ. ಎಂಟನೇ ತಿಂಗಳಲ್ಲೇ ತರಿಸಿಡುವಂತೆ ಆಸ್ಪತ್ರೆಗೆ ಹೇಳಿ. ಎದೆಹಾಲು ಕುಡಿಸಬಹುದು. ಐಜಿಎಂ ವರದಿ ಬಂದ ಕೂಡಲೇ ಹೆಸರು ಮರೆಮಾಡಿ ಇಲ್ಲಿ ಹಾಕಿ, ಅಂಕಿಗಳನ್ನು ನೋಡಿ ಹೇಳುತ್ತೇನೆ.